ಯಾರಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತೆ?

ಸರ್ಕಾರದ ಹೊಸ ಯೋಜನೆಯೊಂದು ಹಳ್ಳಿಗೆ ಬಂದಿಳಿಯುವ ಬಗೆ ಎಲ್ಲರಿಗೂ ಗೊತ್ತಿರುವುದೇ. ಪಂಚಾಯಿತಿ ಆವರಣದಲ್ಲೊಂದು ಸಭೆ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಊರ ಹಿರಿಯರು, ಮಾಜಿ ಸದಸ್ಯರು, ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ಇವರ ಕಿವಿಗೆ ಹಾಕಿದರೆ ಊರಿಗೇ ಹೇಳಿದಂತಾಯಿತು ಎಂಬ ನಂಬಿಕೆ. ಆ ನಂಬಿಕೆಯನ್ನು ಅಳೆದು ನೋಡಿದ ದೊಡ್ಡ ಪ್ರಯೋಗವೊಂದು ಕರ್ನಾಟಕದ 213 ಹಳ್ಳಿಗಳಲ್ಲೇ ನಡೆಯಿತು.

ನಡೆಸಿದವರು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಅರುಣ್ ಚಂದ್ರಶೇಖರ್ ಮತ್ತು ಮ್ಯಾಥ್ಯೂ ಜಾಕ್ಸನ್. ಮೊದಲಿಬ್ಬರು 2019ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಈ ತಂಡಕ್ಕೆ ನಮ್ಮ ಹಳ್ಳಿಗಳು ಹೊಸದೇನಲ್ಲ. 2006ರಲ್ಲೇ ಅವರು ರಾಜ್ಯದ 75 ಹಳ್ಳಿಗಳಲ್ಲಿ ಮನೆಮನೆ ಸುತ್ತಿಸಿ ಕೇಳಿಸಿದ್ದರು: ನೀವು ಯಾರ ಮನೆಗೆ ಹೋಗಿ ಬರುತ್ತೀರಿ? ಸೀಮೆಎಣ್ಣೆ, ಅಕ್ಕಿ ಕೈಗಡ ಬೇಕಾದರೆ ಯಾರನ್ನು ಕೇಳುತ್ತೀರಿ? ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ? ಉತ್ತರಗಳಿಂದ ಊರಿನ ಒಡನಾಟದ ನಕ್ಷೆಯೇ ಸಿದ್ಧವಾಯಿತು. ಮುಂದೆ ಕಿರುಸಾಲದ ಸಂಸ್ಥೆಯೊಂದು ಇವುಗಳಲ್ಲಿ 43 ಹಳ್ಳಿಗಳಿಗೆ ಕಾಲಿಟ್ಟಿತು. ಅದು ಮೊದಲು ಮಾತನಾಡಿಸಿದ ಶಿಕ್ಷಕರು, ಅಂಗಡಿಯವರು ಆ ನಕ್ಷೆಯ ನಡುವಿನಲ್ಲಿದ್ದಷ್ಟೂ ಸಾಲ ಪಡೆದವರ ಸಂಖ್ಯೆ ಹೆಚ್ಚಿತ್ತು.

ಆದರೆ ಊರೂರಿಗೂ ಇಂಥ ನಕ್ಷೆ ಬರೆಯಲು ಯಾವ ಇಲಾಖೆಗೆ ಪುರುಸೊತ್ತಿದೆ? ಅದಕ್ಕೇ ತಂಡ ಸುಲಭದ ದಾರಿ ಹಿಡಿಯಿತು: ಊರಿನವರನ್ನೇ ಕೇಳುವುದು. ಸಂತೆ, ನಾಟಕದ ಸುದ್ದಿ ಎಲ್ಲರಿಗೂ ಮುಟ್ಟಬೇಕಾದರೆ ಯಾರಿಗೆ ಹೇಳಬೇಕು?

213 ಹಳ್ಳಿಗಳ ಪ್ರಯೋಗದಲ್ಲಿ ಹಬ್ಬಿಸಬೇಕಿದ್ದ ಸುದ್ದಿ ಸರಳವಾದದ್ದು. ಖರ್ಚಿಲ್ಲದ ಒಂದು ಫೋನ್ ಕರೆ ಮಾಡಿದರೆ ಮೊಬೈಲೋ ನಗದೋ ಗೆಲ್ಲುವ ಅವಕಾಶ. ಎಷ್ಟೇ ಜನ ಸೇರಿದರೂ ಒಬ್ಬರ ಅದೃಷ್ಟಕ್ಕೆ ಇನ್ನೊಬ್ಬರು ಅಡ್ಡ ಬರದಂತೆ ನಿಯಮ ರೂಪಿಸಿದ್ದರು. ಇಲ್ಲದಿದ್ದರೆ ಸುದ್ದಿಯನ್ನು ಮುಚ್ಚಿಟ್ಟುಕೊಳ್ಳುವ ಜಾಣರಿಗೆ ನಮ್ಮಲ್ಲಿ ಬರವೇ? ಕೆಲವು ಹಳ್ಳಿಗಳಲ್ಲಿ ಚೀಟಿ ಎತ್ತಿದಂತೆ ಆರಿಸಿದ ಮೂರೋ ಐದೋ ಜನರಿಗೆ, ಕೆಲವೆಡೆ ಹಿರಿಯರಿಗೆ, ಇನ್ನು ಕೆಲವೆಡೆ ಊರಿನವರೇ ಹೆಸರಿಸಿದವರಿಗೆ ಮಾತ್ರ ವಿಷಯ ತಿಳಿಸಲಾಯಿತು. ಆಮೇಲೆ ಕರೆ ಎಣಿಸಿದ್ದಷ್ಟೇ. ಚೀಟಿಯವರ ಹಳ್ಳಿಗಳಿಂದ ಸರಾಸರಿ ಸುಮಾರು 8 ಕರೆ, ಹಿರಿಯರ ಹಳ್ಳಿಗಳಿಂದ 7, ಊರು ಹೆಸರಿಸಿದವರ ಹಳ್ಳಿಗಳಿಂದ ಹೆಚ್ಚುಕಡಿಮೆ 12. ಎಂಟಕ್ಕೂ ಏಳಕ್ಕೂ ನಡುವಿನ ಅಂತರ ದೊಡ್ಡದೇನಲ್ಲ, ಅದಕ್ಕಾಗಿ ಹಿರಿಯರನ್ನು ಹಂಗಿಸಬೇಕಿಲ್ಲ. ಗೌರವ ಇರುವವರ ಬಾಯಿಂದ ಸುದ್ದಿ ತಾನಾಗಿ ಹರಿಯುವುದಿಲ್ಲ ಎನ್ನುವುದಂತೂ ನಿಜ.

ಹೆಸರು ಹೇಳಿದ ಊರಿನವರ ಕೈಯಲ್ಲಿ ನಕ್ಷೆ ಇರಲಿಲ್ಲ. ಆದರೂ ಯಾರ ಮೂಲಕ ಮಾತು ತಮ್ಮ ಕಿವಿಗೆ ಮತ್ತೆ ಮತ್ತೆ ಬೀಳುತ್ತದೆ ಎಂಬುದು ಜನರಿಗೆ ನೆನಪಿರುತ್ತದೆ, ಅಷ್ಟು ಸಾಕು ಎಂಬುದು ಸಂಶೋಧಕರ ವಿವರಣೆ.

ಬಹುಮಾನದ ಸುದ್ದಿ ಬೇರೆ, ಮಗುವಿನ ಲಸಿಕೆ ಬೇರೆ. ಹರಿಯಾಣದ 521 ಹಳ್ಳಿಗಳಲ್ಲಿ ಇದೇ ಉಪಾಯವನ್ನು ತಿಂಗಳ ಲಸಿಕಾ ಶಿಬಿರಗಳಿಗೆ ಬಳಸಲಾಯಿತು. ಊರಿನವರು ಹೆಸರಿಸಿದವರ ಮೂಲಕ ವಿಷಯ ಹೋದ ಕಡೆ, ಚೀಟಿಯಂತೆ ಆರಿಸಿದವರ ಊರುಗಳಿಗಿಂತ ಲಸಿಕೆ ಪಡೆದ ಮಕ್ಕಳು ಶೇ 22ರಷ್ಟು ಹೆಚ್ಚು.

ಹಾಗಾದರೆ ಎಲ್ಲರಿಗೂ ಒಟ್ಟಿಗೇ ಸಾರಿಬಿಡುವುದು ಇನ್ನೂ ಒಳ್ಳೆಯದಲ್ಲವೇ? ನೋಟು ರದ್ದತಿಯ ದಿನಗಳಲ್ಲಿ ಒಡಿಶಾದ ಹಳ್ಳಿಗಳಲ್ಲಿ ಹಳೆಯ ನೋಟಿನ ನಿಯಮಗಳ ಬಗ್ಗೆ ನಡೆದ ಪ್ರಯೋಗದ ಉತ್ತರ ಬೇರೆಯೇ. ಎಲ್ಲ ಮನೆಗೂ ಮಾಹಿತಿ ಕೊಟ್ಟು, ಎಲ್ಲರಿಗೂ ಕೊಟ್ಟಿದ್ದೇವೆ ಎಂದು ಸಾರಿದಾಗ ಜನರ ನಡುವಿನ ಮಾತುಕತೆಯೇ ತಗ್ಗಿತು. ಕೈಗೆ ಬಂದ ಮೇಲೂ ಕೇಳಲು ಹೋದರೆ ದಡ್ಡನೆಂದುಕೊಂಡಾರು ಎಂಬ ಸಂಕೋಚ. ಕೆಲವರಿಗಷ್ಟೇ ಕೊಟ್ಟು, ಯಾರಿಗೆ ಕೊಟ್ಟಿದ್ದೇವೆಂದು ಊರಿಗೆ ತಿಳಿಸಿದಾಗ ಪ್ರಶ್ನೆಗಳು ಹೆಚ್ಚಿದವು.

ಹರಿಯಾಣದ ಆ ಲಸಿಕಾ ಪ್ರಯೋಗ ಏಳು ಜಿಲ್ಲೆಗಳಲ್ಲಿ ನಡೆದ ದೊಡ್ಡ ಪ್ರಯೋಗದ ಒಂದು ಭಾಗ. ಊರು ಹೆಸರಿಸಿದವರ ಜೊತೆ ಎಸ್‌ಎಂಎಸ್ ನೆನಪೋಲೆ, ಮೊಬೈಲ್ ರೀಚಾರ್ಜ್ ಉಡುಗೊರೆಗಳನ್ನು ಬೇರೆ ಬೇರೆ ರೀತಿಯಲ್ಲಿ ಕೂಡಿಸಿ ನೋಡಿದರು. ಪ್ರತಿ ಲಸಿಕೆಗೂ ಏರುತ್ತ ಹೋಗುವ ಉಡುಗೊರೆಯೂ ಸೇರಿದಾಗ ಲಸಿಕೆ ಪ್ರಮಾಣ ಶೇ 44 ಹೆಚ್ಚಿತು. ಉಡುಗೊರೆ ಬಿಟ್ಟು ಸುದ್ದಿ ಹಬ್ಬಿಸುವವರು ಮತ್ತು ಎಸ್‌ಎಂಎಸ್ ಮಾತ್ರ ಉಳಿಸಿಕೊಂಡರೆ, ಖರ್ಚು ಮಾಡಿದ ಅದೇ ಹಣಕ್ಕೆ ಸಿಗುವ ಲಸಿಕೆಗಳು ಶೇ 9.1 ಹೆಚ್ಚು. ಆರೋಗ್ಯ ಇಲಾಖೆ ಮೊದಲನೆಯದನ್ನು ಬಯಸೀತು, ಹಣಕಾಸು ಇಲಾಖೆ ಎರಡನೆಯದನ್ನು. ಊರಿನವರನ್ನು ಕೇಳಿ ಹೆಸರು ಬರೆದುಕೊಳ್ಳುವ ಕೆಲಸ ಮಾತ್ರ ಎರಡರಲ್ಲೂ ಇದೆ.