ಕೊಟ್ಟಿಗೆ ಕಟ್ಟಿಸುವ ಮುನ್ನ ಮೇಸ್ತ್ರಿಯೊಡನೆ ಆಗಬೇಕಾದ ಮಾತು



ಸುಗ್ಗಿ ಮುಗಿದು ಕೈಗೆ ನಾಲ್ಕು ಕಾಸು ಬರುತ್ತಿದ್ದಂತೆ ನಮ್ಮ ಹಳ್ಳಿಗಳಲ್ಲಿ ಕಟ್ಟಡದ ಕೆಲಸಗಳು ಆರಂಭವಾಗುತ್ತವೆ. ಮನೆ ಕಟ್ಟುವ ಮೇಸ್ತ್ರಿಗೇ ಕೊಟ್ಟಿಗೆಯನ್ನೂ ವಹಿಸುವುದು ವಾಡಿಕೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮೇಸ್ತ್ರಿಯವರ ಅನುಭವವೆಲ್ಲ ಮನುಷ್ಯರು ವಾಸಿಸುವ ಮನೆಯದು. ನುಣುಪಾದ, ಮಟ್ಟಸವಾದ ನೆಲ ಮನೆಗೆ ಒಳ್ಳೆಯ ಕೆಲಸ. ಕೊಟ್ಟಿಗೆಗೆ ಅದೇ ದೋಷ. ಹಸುವಿಗೆ ಏನು ಬೇಕೆಂಬುದನ್ನು ಹೇಳಬೇಕಾದವರು ನಾವು, ಅದೂ ದರ ಮಾತನಾಡುವ ಮೊದಲೇ.

ತುಂಬು ಗಬ್ಬದ ಮಿಶ್ರತಳಿ ಹಸುವೊಂದು ಹೊಸ ಕೊಟ್ಟಿಗೆಗೆ ಬಂದ ವಾರದಲ್ಲೇ ಜಾರಿ ಬಿದ್ದು, ಹಿಂಗಾಲುಗಳು ಎರಡೂ ಕಡೆ ಸೀಳಿಕೊಂಡು, ಮತ್ತೆ ಮೇಲೇಳದೇ ಹೋದದ್ದನ್ನು ನಾನು ನೋಡಿದ್ದೇನೆ. ನೆಲಕ್ಕೆ ಸಿಮೆಂಟ್ ಹಾಲು ಎಳೆದು ಕನ್ನಡಿಯಂತೆ ಮಾಡಿದ್ದರು. ಮೇಸ್ತ್ರಿ ಮೋಸ ಮಾಡಿರಲಿಲ್ಲ, ತಮಗೆ ಗೊತ್ತಿದ್ದ ಉತ್ತಮ ಕೆಲಸವನ್ನೇ ಮಾಡಿದ್ದರು. ಒರಟು ನೆಲ ಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲು ಅಳತೆಯ ವಿಷಯ. ನಿಮ್ಮ ಹಸುಗಳಲ್ಲಿ ದೊಡ್ಡದನ್ನು ಕಟ್ಟಡದ ಜಾಗಕ್ಕೇ ಹಿಡಿದು ತಂದು ನಿಲ್ಲಿಸಿ, ಮೇಸ್ತ್ರಿಯವರ ಎದುರಿನಲ್ಲೇ ಸುಣ್ಣದ ಪುಡಿಯಿಂದ ಗುರುತು ಹಾಕಿಸಿ. ಮಿಶ್ರತಳಿ ಹಸುವಿಗೆ ಸಾಮಾನ್ಯವಾಗಿ ಐದೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲದ ನಿಲ್ಲುವ ಜಾಗ ಬೇಕು. ಉದ್ದ ಕಡಿಮೆಯಾದರೆ ಹಸು ಚರಂಡಿಯಲ್ಲಿ ಹಿಂಗಾಲಿಟ್ಟು ನಿಲ್ಲುತ್ತದೆ, ಮಲಗಿದಾಗ ಕೆಚ್ಚಲು ಗಂಜಲದಲ್ಲಿ ತೋಯುತ್ತದೆ. ಕೆಚ್ಚಲು ಬಾವಿಗೆ ಅದಕ್ಕಿಂತ ಸುಲಭದ ದಾರಿ ಬೇರೆ ಬೇಡ. ಗೋದಲಿ ಎರಡರಿಂದ ಎರಡೂವರೆ ಅಡಿ ಅಗಲವಿರಲಿ. ಸೂರಿನ ಅಂಚು ಎಂಟು ಅಡಿಗಿಂತ ತಗ್ಗಬಾರದು, ಅದರಲ್ಲೂ ಶೀಟಿನ ಚಾವಣಿಯಾದರೆ. ಜಾಗ ಅನುಕೂಲವಿದ್ದಲ್ಲಿ ಕಟ್ಟಡದ ಉದ್ದ ಪೂರ್ವ-ಪಶ್ಚಿಮವಾಗಿರಲಿ, ಬಿಸಿಲು ನೇರವಾಗಿ ಒಳಗೆ ಹೊಡೆಯುವುದು ಕಡಿಮೆಯಾಗುತ್ತದೆ.

ಈ ಮಾತುಕತೆಯ ಹೊತ್ತಿಗೆ ಮನೆಯಲ್ಲಿ ಹಾಲು ಕರೆಯುವವರು, ಸಗಣಿ ಬಾಚುವವರು ಎದುರಿಗೆ ಇರಬೇಕು. ಬಹುತೇಕ ಮನೆಗಳಲ್ಲಿ ಈ ಕೆಲಸ ಹೆಣ್ಣುಮಕ್ಕಳದು, ಮೇಸ್ತ್ರಿಯೊಡನೆ ಮಾತನಾಡುವವರು ಮಾತ್ರ ಗಂಡಸರು! ನೀರಿನ ನಲ್ಲಿ ಎಲ್ಲಿರಬೇಕು, ಸಗಣಿ ಯಾವ ಕಡೆಯಿಂದ ಹೊರಹೋಗಬೇಕು ಎಂಬುದನ್ನು ಅವರಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು.

ನೆಲದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ದಮ್ಮಾಸು ಹೊಡೆದ ಗಟ್ಟಿ ತಳದ ಮೇಲೆ ನಾಲ್ಕು ಅಂಗುಲ ಕಾಂಕ್ರೀಟ್ ಸಾಕು. ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಲೆಕ್ಕದಲ್ಲಿ 16 ಅಡಿ ಉದ್ದ, 10 ಅಡಿ ಅಗಲದ ನೆಲಕ್ಕೆ ಸುಮಾರು ಹತ್ತು ಮೂಟೆ ಸಿಮೆಂಟ್ ಬೇಕಾಗುತ್ತದೆ. ಆರು ಮೂಟೆಯಲ್ಲಿ ಮುಗಿಸುತ್ತೇನೆಂದರೆ ದಪ್ಪ ಕಡಿಮೆಯೋ, ಸಿಮೆಂಟ್ ಕಡಿಮೆಯೋ ಎಂದು ಕೇಳಬಹುದು. ಮೂಟೆಗೆ 30 ಲೀಟರಿಗಿಂತ ಹೆಚ್ಚು ನೀರು ಸುರಿದರೆ ಕಲಸಲು ಸುಲಭ, ನೆಲ ಮಾತ್ರ ಬೇಗ ಪುಡಿಯೇಳುತ್ತದೆ. ಹಸುವಿನ ಮುಂಗಾಲಿನಿಂದ ಚರಂಡಿಯವರೆಗೆ ಒಂದರಿಂದ ಒಂದೂವರೆ ಅಂಗುಲ ಇಳಿಜಾರು ಕೊಡಿಸಿ. ಇದಕ್ಕಿಂತ ಹೆಚ್ಚು ಬೇಡ. ಇಳಿಜಾರು ಜಾಸ್ತಿಯಾದರೆ ತುಂಬು ಗಬ್ಬದ ಹಸುಗಳಲ್ಲಿ ಯೋನಿ ಹೊರಜಾರುವ ಸಂಭವ ಹೆಚ್ಚು. ಚರಂಡಿಗೆ ಹತ್ತು ಅಡಿಗೆ ಎರಡರಿಂದ ಮೂರು ಅಂಗುಲ ಇಳಿಜಾರು ಇರಲಿ. ಕಾಂಕ್ರೀಟ್ ಹಸಿಯಿರುವಾಗಲೇ ಸುಮಾರು ನಾಲ್ಕು ಅಂಗುಲಕ್ಕೊಂದರಂತೆ ಅರ್ಧ ಅಂಗುಲದ ಗೆರೆ ಎಳೆಸಬೇಕು. ಗಟ್ಟಿಯಾದ ಮೇಲೆ ಹೇಳಿದರೆ ಉಳಿಯಿಂದ ಕೆತ್ತಿಸಬೇಕಾದೀತು, ಅದಕ್ಕೆ ಬೇರೆ ಕೂಲಿ.

ಇನ್ನು ವ್ಯವಹಾರ. ಸಾಮಾನು ನಮ್ಮದು, ಕೂಲಿ ಮಾತ್ರ ಮೇಸ್ತ್ರಿಯದು ಎಂಬ ಕೂಲಿ ಗುತ್ತಿಗೆ ಸಣ್ಣ ಕೊಟ್ಟಿಗೆಗೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಿಮೆಂಟ್ ಉಳಿಸುವ ಆಸೆ ಅಲ್ಲಿ ಯಾರಿಗೂ ಇರುವುದಿಲ್ಲ. ಚದರಡಿ ಲೆಕ್ಕದಲ್ಲಿ ದರ ಮಾತನಾಡುವುದಾದರೆ ಯಾವ ಅಳತೆ ಎಂದು ಮೊದಲೇ ತೀರ್ಮಾನವಾಗಬೇಕು. 20 ಅಡಿಗೆ 12 ಅಡಿಯ ಕೊಟ್ಟಿಗೆಯ ನೆಲ 240 ಚದರಡಿ. ನಾಲ್ಕೂ ಕಡೆ ಎರಡೆರಡು ಅಡಿ ಸೂರು ಚಾಚಿದರೆ ಚಾವಣಿಯ ಲೆಕ್ಕ 24ಕ್ಕೆ 16, ಅಂದರೆ 384 ಚದರಡಿ. ಕೆಲಸ ಮುಗಿದ ದಿನ ಒಬ್ಬರು ನೆಲ ಅಳೆದು, ಇನ್ನೊಬ್ಬರು ಚಾವಣಿ ಅಳೆದು ಜಗಳಕ್ಕೆ ನಿಂತರೆ ಇಬ್ಬರ ಲೆಕ್ಕವೂ ಸರಿಯೇ!

ಆದ್ದರಿಂದ ಬರೆದಿಡಿ. ಬಾಯಿಮಾತಿನ ಕರಾರಿಗೂ ಬೆಲೆಯಿದೆ, ಆದರೆ ಅದನ್ನು ರುಜುವಾತು ಮಾಡುವುದು ಕಷ್ಟ. ಅಳತೆ, ನೆಲದ ದಪ್ಪ, ಗೆರೆ, ಇಳಿಜಾರು, ದರ, ಮುಗಿಸುವ ದಿನ, ನೀರು ಹೊಡೆಯುವವರು ಯಾರು, ಹೆಚ್ಚುವರಿ ಕೆಲಸಕ್ಕೆ ದರ ಹೇಗೆ, ಇಷ್ಟನ್ನು ಎರಡು ಪ್ರತಿ ಬರೆದು ಇಬ್ಬರೂ ರುಜು ಮಾಡಿ. ಸಂಘದ ಕಾರ್ಯದರ್ಶಿಯವರು ಸಾಕ್ಷಿ ಹಾಕಿದರೆ ಇನ್ನೂ ಒಳ್ಳೆಯದು. ಬರೆಯುವುದು ಅಪನಂಬಿಕೆಯಲ್ಲವೆಂದು ಮೇಸ್ತ್ರಿಯವರಿಗೆ ಹೇಳಿ; ಅವರ ಹಣಕ್ಕೂ ಅದೇ ಕಾಗದ ಆಧಾರ.

ನಮ್ಮ ಕಡೆಯಿಂದಲೂ ಕೆಲವು ಆಗಬೇಕು. ಜಲ್ಲಿ, ಮರಳು ಬರುವ ಮುನ್ನ ಆಳುಗಳನ್ನು ಕರೆಸಿ ಕೂರಿಸಬಾರದು. ಯಜಮಾನರು ಒಂದು, ಮಗ ಇನ್ನೊಂದು ಹೇಳಿದರೆ ಮೇಸ್ತ್ರಿ ಯಾರ ಮಾತು ಕೇಳಬೇಕು? ಮನೆಯಲ್ಲಿ ಒಬ್ಬರೇ ಹೇಳಲಿ, ಅದನ್ನು ಆಳುಗಳಿಗಲ್ಲದೆ ಮೇಸ್ತ್ರಿಗೇ ಹೇಳಲಿ. ಒಪ್ಪಿದ ಹಂತ ಮುಗಿದ ದಿನವೇ ಹಣ ಕೊಡಿ, ವಾರದ ಬಟವಾಡೆಗೆ ಅವರನ್ನು ಅಲೆದಾಡಿಸಬೇಡಿ. ಮುಂಗಡ ಹತ್ತನೇ ಒಂದು ಭಾಗ ಮೀರದಿರಲಿ. ನಂತರ ತಳಪಾಯಕ್ಕೊಮ್ಮೆ, ಗೋಡೆ-ಚಾವಣಿಗೊಮ್ಮೆ, ನೆಲ-ಗೋದಲಿಗೊಮ್ಮೆ ಕೊಟ್ಟು, ಕೊನೆಯ ಹತ್ತನೇ ಒಂದು ಭಾಗವನ್ನು ನೀರಿನ ಪರೀಕ್ಷೆಯವರೆಗೆ ಉಳಿಸಿಕೊಳ್ಳಿ. ಇದನ್ನೂ ಕಾಗದದಲ್ಲಿ ಸೇರಿಸಿ.

ನೀರಿನ ಪರೀಕ್ಷೆ ಬಹಳ ಸುಲಭ. ಮೇಸ್ತ್ರಿಯವರ ಎದುರಿನಲ್ಲೇ ಗೋದಲಿಯ ಬುಡದಿಂದ ನಾಲ್ಕು ಬಿಂದಿಗೆ ನೀರು ಸುರಿಯಿರಿ. ನೀರು ಚರಂಡಿ ಸೇರಿ ಹೊರಗೆ ಹೋಗಬೇಕು. ಎಲ್ಲಿಯಾದರೂ ನಿಂತರೆ ಅಲ್ಲಿ ಮುಂದೆ ನಿಲ್ಲುವುದು ಗಂಜಲ. ಆ ಜಾಗಕ್ಕೆ ಗುರುತು ಹಾಕಿ ಸರಿಪಡಿಸಿ ಕೊಡುವಂತೆ ಕೇಳಿ.

ಹೊಸ ನೆಲಕ್ಕೆ ಕನಿಷ್ಠ ಹತ್ತು ದಿನ ತೇವ ಆರದಂತೆ ನೀರುಣಿಸಬೇಕು. ಮೂರು ವಾರವಾದರೂ ಕಳೆಯುವವರೆಗೆ ಹಸು ಕಟ್ಟಬೇಡಿ. ಹೊಸ ಸಿಮೆಂಟಿನ ಖಾರ ಮತ್ತು ತರಿ ಗೊರಸನ್ನು ಸವೆಸುತ್ತವೆ, ಹಾಗಾಗಿ ಕಟ್ಟುವ ಮೊದಲು ಗಟ್ಟಿ ಪೊರಕೆಯಿಂದ ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಸುಣ್ಣದ ಗುರುತು ಹಾಕುವ ದಿನ ನಮ್ಮ ಪಶುವೈದ್ಯರು ನಿಮ್ಮ ಊರಿನ ಮಾರ್ಗದಲ್ಲಿದ್ದರೆ ಕಾರ್ಯದರ್ಶಿಗಳ ಮೂಲಕ ಹೇಳಿ ಕಳುಹಿಸಿ, ಬಂದು ಅಳತೆ ನೋಡಿ ಹೋಗುತ್ತಾರೆ.