ಗ್ಯಾರೇಜ್ ನೆಲದ ಲೇಪನ

ಗ್ಯಾರೇಜ್ ನೆಲದ ಲೇಪನವು ಮನೆಯಲ್ಲಿ ವಾಹನ ನಿಲ್ಲಿಸುವ ಸ್ಥಳದ ಕಾಂಕ್ರೀಟ್ ನೆಲವನ್ನು ಎಣ್ಣೆ, ನೀರು, ರಾಸಾಯನಿಕ ಹಾಗೂ ಸವೆತದಿಂದ ಕಾಪಾಡಲು ಹಚ್ಚುವ ಪದರವಾಗಿದೆ. ಬಳ್ಳಾರಿ ಜಿಲ್ಲೆಯ ಬಾದನಹಟ್ಟಿ, ಕುರುಗೋಡು, ಸಿರುಗುಪ್ಪ ಭಾಗದ ರೈತರ ಮನೆಗಳಲ್ಲಿ ಈ ಸ್ಥಳವು ಕಾರಿಗಷ್ಟೇ ಮೀಸಲಾಗಿರುವುದಿಲ್ಲ. ಟ್ರ್ಯಾಕ್ಟರ್, ಬೈಕು, ಭತ್ತದ ಚೀಲ, ಯೂರಿಯಾ ಚೀಲ ಎಲ್ಲವೂ ಅಲ್ಲಿಯೇ ಸೇರುತ್ತವೆ. ಆದ್ದರಿಂದ ಲೇಪನದ ಆಯ್ಕೆಯು ಬಣ್ಣದ ಅಂದಕ್ಕಿಂತ ಮಣ್ಣು, ತೇವ ಮತ್ತು ಬಳಕೆಯನ್ನು ಅವಲಂಬಿಸಿರುತ್ತದೆ.

ಮಣ್ಣು ಮತ್ತು ನೆಲ

ಈ ಭಾಗದಲ್ಲಿ ಎರೆ ಮಣ್ಣು ವ್ಯಾಪಕವಾಗಿದೆ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ನೀರು ಹೀರಿದಾಗ ಊದುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಣುವ ಬಿರುಕಿಗೂ ನೆಲಗಟ್ಟಿನ ಬಿರುಕಿಗೂ ಹಲವು ಬಾರಿ ಇದೇ ಕಾರಣ. ಎಂಥ ದುಬಾರಿ ಲೇಪನವೂ ಚಲಿಸುವ ಬಿರುಕನ್ನು ಹಿಡಿದು ನಿಲ್ಲಿಸಲಾರದು. ನೆಲದೊಂದಿಗೆ ತಾನೂ ಸೀಳುತ್ತದೆ. ಆದ್ದರಿಂದ ಹೊಸದಾಗಿ ಕಟ್ಟುವವರು ಲೇಪನಕ್ಕಿಂತ ಮೊದಲು ತಳಪಾಯಕ್ಕೆ ಹಣ ಹಾಕುವುದು ಸೂಕ್ತ. ಎರೆ ಮಣ್ಣನ್ನು ಸಾಕಷ್ಟು ಆಳದವರೆಗೆ ತೆಗೆದು ಗರಸು ತುಂಬಿ ದಮ್ಮಸು ಮಾಡುವುದು ರೂಢಿಯಲ್ಲಿರುವ ಕ್ರಮ. ಮುಂಬಯಿಯ ಐಐಟಿಯಲ್ಲಿದ್ದ ಆರ್. ಕೆ. ಕಟ್ಟಿ ಅವರು ಊದದ ಅಂಟುಮಣ್ಣಿನ ಪದರದಿಂದ ಎರೆ ಮಣ್ಣಿನ ಊತವನ್ನು ತಡೆಯುವ ವಿಧಾನವನ್ನು ರೂಪಿಸಿದರು. ಮಲಪ್ರಭಾ ಕಾಲುವೆ ಕಾಮಗಾರಿಯಲ್ಲಿ ಅದನ್ನು ಬಳಸಲಾಯಿತು.

ತೇವಾಂಶ

ತುಂಗಭದ್ರಾ ಅಣೆಕಟ್ಟೆಯ ಕಾಲುವೆಗಳಿಂದ ಇಲ್ಲಿ ಭತ್ತದ ಬೇಸಾಯ ಹಬ್ಬಿದೆ. ಗದ್ದೆಗೆ ಸಮೀಪದ ಮನೆಗಳಲ್ಲಿ ನೆಲದಡಿಯ ತೇವವು ಕಾಂಕ್ರೀಟಿನ ಸೂಕ್ಷ್ಮರಂಧ್ರಗಳ ಮೂಲಕ ಮೇಲೇರಬಹುದು. ನೆಲದ ಮೇಲೆ ಬಿಳಿ ಉಪ್ಪಿನ ಪುಡಿ ಏಳುವುದು ಇದರ ಗುರುತು. ಅಂಥ ನೆಲಕ್ಕೆ ಎಪಾಕ್ಸಿ ಹಚ್ಚಿದರೆ ಹೊರಬರಲಾರದ ಆವಿಯು ಪದರವನ್ನು ಗುಳ್ಳೆಯಾಗಿ ಎತ್ತುತ್ತದೆ.

ಪರೀಕ್ಷೆ ಸುಲಭ. ಸುಮಾರು 45 ಸೆಂ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹರಡಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಒಳಭಾಗದಲ್ಲಿ ಹನಿಗಳಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ತೇವವಿದೆ ಎಂದರ್ಥ. ಕಾಲುವೆಗೆ ನೀರು ಬಿಟ್ಟಿರುವ ದಿನಗಳಲ್ಲಿಯೇ ಈ ಪರೀಕ್ಷೆ ಮಾಡುವುದು ಒಳಿತು. ಬೇಸಿಗೆಯ ಫಲಿತಾಂಶವು ದಾರಿ ತಪ್ಪಿಸಬಹುದು. ಹೊಸ ಕಾಂಕ್ರೀಟಿಗೆ ಸಾಮಾನ್ಯವಾಗಿ 28 ದಿನಗಳ ನಂತರವಷ್ಟೇ ಲೇಪನ ಹಚ್ಚಲಾಗುತ್ತದೆ.

ಲೇಪನದ ಬಗೆಗಳು

ಎಪಾಕ್ಸಿಯು ರಾಳ ಮತ್ತು ಗಟ್ಟಿಕಾರಕ ಎಂಬ ಎರಡು ಭಾಗಗಳನ್ನು ಬೆರೆಸಿದಾಗ ಗಟ್ಟಿಯಾಗುವ ಪದಾರ್ಥ. ಎಣ್ಣೆ, ಡೀಸೆಲ್‌ಗಳನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಬಿಸಿಲಿಗೆ ಹಳದಿಯಾಗಿ ಪುಡಿ ಉದುರುತ್ತದೆ. ಬಾಗಿಲಿಲ್ಲದ ಪೋರ್ಟಿಕೋ ಆದರೆ ಮೇಲೊಂದು ಅಲಿಫ್ಯಾಟಿಕ್ ಪಾಲಿಯುರೆಥೇನ್ ಪದರ ಬೇಕಾಗುತ್ತದೆ. ಬೆರೆಸಿದ ಎಪಾಕ್ಸಿಯ ಬಳಕೆಯ ಅವಧಿಯು ಉಷ್ಣತೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಂತೆ ಸುಮಾರು ಅರ್ಧಕ್ಕಿಳಿಯುತ್ತದೆ. ಬಳ್ಳಾರಿಯ 40 ಡಿಗ್ರಿಯ ಮಧ್ಯಾಹ್ನದಲ್ಲಿ ಡಬ್ಬಿಯಲ್ಲೇ ಗಟ್ಟಿಯಾಗುವ ಸಂಭವ ಹೆಚ್ಚು. ಬೆಳಗಿನ ಜಾವ, ಸ್ವಲ್ಪ ಸ್ವಲ್ಪವೇ ಬೆರೆಸಿಕೊಂಡು ಕೆಲಸ ಮಾಡಬೇಕು. ಎಪಾಕ್ಸಿ ನೆಲಹಾಸಿನ ಕುರಿತು ಭಾರತೀಯ ಮಾನಕ ಐಎಸ್ 4631 ಇದೆ.

ಪಾಲಿಆಸ್ಪಾರ್ಟಿಕ್ ಬೇಗ ಒಣಗುತ್ತದೆ, ಬಿಸಿಲನ್ನು ತಾಳುತ್ತದೆ, ಬೆಲೆಯೂ ಹೆಚ್ಚು. ಅಷ್ಟೇ ಬೇಗ ಗಟ್ಟಿಯಾಗುವುದರಿಂದ ಅನುಭವವಿಲ್ಲದವರ ಕೈಗೆ ಒಗ್ಗುವುದಿಲ್ಲ. ಒಂದೇ ಡಬ್ಬಿಯಲ್ಲಿ ಬರುವ ನೆಲದ ಬಣ್ಣಗಳು ಅಗ್ಗವಾದರೂ, ಓಡಿ ಬಂದ ಬಿಸಿ ಟೈರಿಗೆ ಅಂಟಿಕೊಂಡು ಕಿತ್ತುಬರುತ್ತವೆ.

ತೇವವಿರುವ ನೆಲಕ್ಕೆ ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟ್ ದ್ರಾವಣವು ಹೆಚ್ಚು ಯೋಗ್ಯ. ಅದು ಮೇಲೆ ಪೊರೆ ಕಟ್ಟದೆ, ಕಾಂಕ್ರೀಟಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನೊಡನೆ ವರ್ತಿಸಿ ಮೇಲ್ಮೈಯನ್ನು ಗಟ್ಟಿಗೊಳಿಸುತ್ತದೆ. ಆವಿ ಹೊರಹೋಗಲು ಅವಕಾಶವಿರುತ್ತದೆ. ಎಣ್ಣೆಯ ಕಲೆಯನ್ನು ಮಾತ್ರ ಇದು ಪೂರ್ಣವಾಗಿ ತಡೆಯದು. ಟ್ರ್ಯಾಕ್ಟರ್ ಷೆಡ್ಡಿಗೂ ಇದೇ ಸಾಕೆನ್ನಬಹುದು, ಏಕೆಂದರೆ ಗದ್ದೆಯ ಕೆಸರು ತುಳಿಯುವ ಕಬ್ಬಿಣದ ಕೇಜ್ ವೀಲ್ ಹಾಗೂ ರೋಟವೇಟರಿನ ಅಲಗುಗಳಿಗೆ ತೆಳು ಲೇಪನ ಯಾವುದೂ ಬಾಳುವುದಿಲ್ಲ.

ಶಹಾಬಾದ್ ಅಥವಾ ಕಡಪ ಕಲ್ಲು ಹಾಸಿದ ನೆಲಕ್ಕೆ ಎಪಾಕ್ಸಿ ಹೊಂದುವುದಿಲ್ಲ. ಕಲ್ಲುಗಳ ಸಂದುಗಳು ಅಲುಗಿದಾಗ ಪದರ ಒಡೆಯುತ್ತದೆ. ಇವು ಸುಣ್ಣದ ಕಲ್ಲುಗಳಾದ್ದರಿಂದ ಬ್ಯಾಟರಿಯ ಆಮ್ಲ ಬಿದ್ದಲ್ಲಿ ತಿಂದುಹೋಗುತ್ತವೆ.

ಸಿದ್ಧತೆ ಮತ್ತು ಸುರಕ್ಷತೆ

ಲೇಪನ ಕಿತ್ತುಬರಲು ಸಾಮಾನ್ಯ ಕಾರಣ ಸಿದ್ಧತೆಯ ಕೊರತೆ. ಎಣ್ಣೆಯ ಜಿಡ್ಡನ್ನು ತೆಗೆದು, ಯಂತ್ರದಿಂದ ಮೇಲ್ಪದರವನ್ನು ಉಜ್ಜಿ, ಧೂಳನ್ನು ಹೀರಿ ತೆಗೆಯಬೇಕು. ಉಜ್ಜಿದ ನೆಲಕ್ಕೆ ಚಿಮುಕಿಸಿದ ನೀರು ಹನಿಯಾಗಿ ನಿಲ್ಲದೆ ಇಂಗಿದರೆ ನೆಲ ಸಿದ್ಧವಾಗಿದೆ. ಆಮ್ಲದಿಂದ ತೊಳೆಯುವ ಪದ್ಧತಿಯೂ ಇದೆ. ಆಗ ನೀರಿಗೆ ಆಮ್ಲವನ್ನು ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ.

ನಯವಾದ ಎಪಾಕ್ಸಿಯು ನೀರು ಬಿದ್ದಾಗ ಜಾರುತ್ತದೆ. ವೃದ್ಧರು, ಮಕ್ಕಳು ಓಡಾಡುವ ಮನೆಗಳಲ್ಲಿ ಹಸಿ ಪದರದ ಮೇಲೆ ಸಣ್ಣ ಸ್ಫಟಿಕ ಮರಳನ್ನು ಉದುರಿಸುವುದು ಅವಶ್ಯ. ಗಟ್ಟಿಕಾರಕವು ಚರ್ಮಕ್ಕೆ ತಾಗಿದರೆ ತುರಿಕೆ ಬರುವುದರಿಂದ ಕೈಗವಸು ಬೇಕು. ಪದರವು ಪೂರ್ಣ ಗಟ್ಟಿಯಾಗಿ ವಾಸನೆ ಹೋಗುವವರೆಗೆ ಷೆಡ್ಡಿನಲ್ಲಿ ಕಾಳು-ಕಡಿ ಇಡಬಾರದು. ಅಮೋನಿಯಂ ಲವಣಗಳಿರುವ ಗೊಬ್ಬರವು ಕಾಂಕ್ರೀಟನ್ನು ಕೊರೆಯುವುದರಿಂದ ಅದರ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಜೋಡಿಸುವುದು ಉತ್ತಮ.