ಚಹಾ, ಕಾಫಿಗೆ ಸಕ್ಕರೆಯ ಬದಲು ಯಾವುದು?

ಬೆಲ್ಲದ ಚಹಾ ಮಧುಮೇಹಿಗಳಿಗೆ ತೊಂದರೆ ಮಾಡದು ಎಂಬ ನಂಬಿಕೆ ಅನೇಕರಲ್ಲಿದೆ. ಇದು ಸರಿಯಲ್ಲ.

ಬೆಲ್ಲ: ಇದರ ಬಹುಪಾಲು ಸುಕ್ರೋಸ್. ಅಲ್ಪ ಪ್ರಮಾಣದ ಖನಿಜಾಂಶಗಳಿದ್ದರೂ ರಕ್ತದಲ್ಲಿನ ಸಕ್ಕರೆಯನ್ನು ಏರಿಸುತ್ತದೆ. ಆರೋಗ್ಯವಂತರು ಮಿತವಾಗಿ ಬಳಸಬಹುದು. ಹಾಲಿನೊಡನೆ ಕುದಿಸಿದರೆ ಹಾಲು ಒಡೆಯುವ ಸಂಭವವಿರುವುದರಿಂದ ಪಾತ್ರೆಯನ್ನು ಒಲೆಯಿಂದ ಇಳಿಸಿದ ನಂತರ ಬೆರೆಸಬೇಕು. ಹೊಳೆಯುವ ತಿಳಿ ಹಳದಿ ಬೆಲ್ಲಕ್ಕೆ ಹೈಡ್ರೋಸ್ ಬೆರೆಸಿರುವ ಸಾಧ್ಯತೆಯುಂಟು; ರಾಸಾಯನಿಕ ಬಳಸದೆ ತಯಾರಿಸಿದ ಕಂದು ಬೆಲ್ಲವನ್ನು ಆಯ್ದುಕೊಳ್ಳಿರಿ.

ಜೇನುತುಪ್ಪ: ಇದರಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹೇರಳವಾಗಿರುವುದರಿಂದ ಮಧುಮೇಹಿಗಳಿಗೆ ಇದೂ ಸಕ್ಕರೆಗೆ ಪರ್ಯಾಯವಲ್ಲ. ಪರಿಮಳ ಉಳಿಯಬೇಕಾದರೆ ಪಾನೀಯ ಉಗುರುಬೆಚ್ಚಗಾದ ಮೇಲೆ ಬೆರೆಸಬೇಕು. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಬಾರದು.

ಸ್ಟೀವಿಯಾ (ಸಿಹಿ ತುಳಸಿ): ಎಲೆಯಿಂದ ಬೇರ್ಪಡಿಸಿ ಶುದ್ಧೀಕರಿಸಿದ ಸ್ಟೀವಿಯೋಲ್ ಗ್ಲೈಕೋಸೈಡ್ ಸಕ್ಕರೆಗಿಂತ ಸುಮಾರು 200ರಿಂದ 300 ಪಟ್ಟು ಸಿಹಿ. ಕುದಿಯುವ ಚಹಾದಲ್ಲಿಯೂ ಸಿಹಿ ಕುಂದದು. ರಕ್ತದಲ್ಲಿನ ಸಕ್ಕರೆಯನ್ನು ಏರಿಸದು. ಆದ್ದರಿಂದ ಮಧುಮೇಹಿಗಳಿಗೆ ಈ ಮೂರರಲ್ಲಿ ಇದೇ ಸೂಕ್ತ. ಹೆಚ್ಚಾದರೆ ಕಹಿ ಎನಿಸುವುದರಿಂದ ಚಿಟಿಕೆಯಷ್ಟೇ ಬಳಸಬೇಕು. ಕೆಲವು ಪುಡಿಗಳಲ್ಲಿ ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಬೆರೆತಿರುತ್ತದೆ. ಖರೀದಿಸುವ ಮುನ್ನ ಪೊಟ್ಟಣದ ಮೇಲಿನ ವಿವರ ಓದಬೇಕು.

ಯಾವುದನ್ನೇ ಆಯ್ದುಕೊಂಡರೂ ಸಿಹಿಯ ಪ್ರಮಾಣವನ್ನು ಕ್ರಮೇಣ ತಗ್ಗಿಸುವುದು ಎಲ್ಲರಿಗೂ ಹಿತಕರ. ಮಧುಮೇಹಿಗಳು ವೈದ್ಯರು ಸೂಚಿಸಿದ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.